ದ್ರೋಣಾಚಾರ್ಯರ ಶಾಲೆಯ ಸಹಪಾಠಿಗಳು

ಏಕಲವ್ಯನ ಕಥೆಯನ್ನು ಕುರಿತು ಬರೆದವರು ಬಹು ಮಂದಿ. ಶ್ರೀ ಕುವೆಂಪುರವರ ‘ಬೆರಳ್‌ಗೆ ಕೊರಳ್’ ನಾಟಕವು 1947ರಲ್ಲಿ ಪ್ರಕಟವಾದಂದಿನಿಂದ ಗುರುವಿನ ಅಪರಾಧ, ಶಿಷ್ಯನ ತ್ಯಾಗ ಇವೆರಡನ್ನೇ ನಮ್ಮ ವಿಮರ್ಶಕರು ಹೆಚ್ಚಾಗಿ ಚರ್ಚಿಸಿದ್ದಾರೆ. ಆ ಶಾಲೆಯ ಮಿಕ್ಕ ಹುಡುಗರ ಮನಸ್ಸನ್ನು ವಿಚಾರಿಸಿದವರು ವಿರಳ. ಆದಿಪರ್ವದಲ್ಲಿ ವ್ಯಾಸರಾದರೋ ಅದನ್ನು ಮರೆತಿಲ್ಲ.

ಬೇಟೆಯ ನಾಯಿಯು ಬಾಯಲ್ಲಿ ಏಳು ಬಾಣಗಳನ್ನು ಹೊತ್ತು ಮರಳಿದಾಗ ಪಾಂಡವರು ಏನು ಮಾಡಿದರು? ನಾಚಿದರು, ಹೊಗಳಿದರು. ಕವಿಯು ಈ ಎರಡನ್ನೂ ಒಂದೇ ಶ್ಲೋಕಾರ್ಧದಲ್ಲಿ ಇಟ್ಟಿರುವನು. ಬಹುಕಾಲ ಮಕ್ಕಳ ಮುಖವನ್ನೇ ಓದಿದ ನನಗೆ ಇದಕ್ಕಿಂತ ನಿಜವಾದ ಮಾತು ಬೇರೆ ಕಾಣದು. ಜಾಣನನ್ನು ಕಂಡ ಹುಡುಗನಿಗೆ ಮೊದಲು ಹುಟ್ಟುವುದು ದ್ವೇಷವಲ್ಲ; ನಾಚಿಕೆ ಬೆರೆತ ಮೆಚ್ಚುಗೆ. ಗುಟ್ಟಾಗಿ ಗುರುವಿನಲ್ಲಿ ದೂರಿದವನು ಅರ್ಜುನನೊಬ್ಬನೇ. ಏಕೆಂದರೆ ಅವನಿಗಿಂತ ಮಿಗಿಲಾದ ಶಿಷ್ಯನಿರಲಾರನೆಂದು ಆಚಾರ್ಯರು ಮಾತು ಕೊಟ್ಟಿದ್ದುದು ಅವನಿಗೇ. ಮಗನಿಗೆ ಅಗಲಬಾಯಿಯ ಕೊಡವನ್ನೂ ಉಳಿದವರಿಗೆ ಕಿರಿಬಾಯಿಯ ಕಮಂಡಲುವನ್ನೂ ಕೊಟ್ಟು ನೀರಿಗೆ ಕಳುಹಿದವರೂ ಅವರೇ!

ಎದ್ದು ಕಂಡ ತಲೆಯನ್ನು ತರಿಯುವ ಬುದ್ಧಿ ಎಲ್ಲ ದೇಶದಲ್ಲಿಯೂ ಉಂಟು. ರೋಮಿನ ಚರಿತ್ರಕಾರ ಲಿವಿಯು ಹೇಳುವ ಕಥೆಯಲ್ಲಿ ಅರಸನು ತೋಟದ ಎತ್ತರದ ಗಸಗಸೆ ಹೂಗಳನ್ನೇ ಬಡಿದು ಕೆಡಹುತ್ತಾನೆ. ಆಸ್ಟ್ರೇಲಿಯಾದವರು ಇಂದಿಗೂ ಮುಂದೆ ಬಂದವನನ್ನು ಆ ಹೂವಿನ ಹೆಸರಿನಿಂದಲೇ ಕರೆಯುವರು. ಸಾಂಡೆಮೋಸ ಎಂಬಾತನ 1933ರ ಕಾದಂಬರಿಯಲ್ಲಿ, ನಮಗಿಂತ ಮೇಲೆಂದು ಭಾವಿಸಬೇಡ ಎಂಬುದೇ ಊರಿನ ಕಟ್ಟಳೆ. ಅಲ್ಲಿ ಕೋಲು ಊರವರ ಕೈಯಲ್ಲಿದೆ.

ನಮ್ಮಲ್ಲಿ ಕೋಲನ್ನು ಜಾಣನ ಕೈಗೇ ಕೊಟ್ಟೆವು. ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಶಾಲೆ ಕಲಿತ ಹಿರಿಯರು ಬಲ್ಲರು: ಬಾಯಿಲೆಕ್ಕಕ್ಕೆ ಸರಿಯುತ್ತರ ಕೊಟ್ಟವನು ತಪ್ಪಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಉಪಾಧ್ಯಾಯನಾದ ಹೊಸತರಲ್ಲಿ ನಾನೂ ಇದನ್ನು ನಡೆಸಿದೆನು. ಒಬ್ಬ ಹುಡುಗಿಯು ಗೆಳತಿಗೆ ಮೆಲ್ಲಗೆ ಹೊಡೆದಳೆಂದು ಗದರಿ, ಮತ್ತೊಮ್ಮೆ ಗಟ್ಟಿಯಾಗಿ ಹೊಡೆಯಿಸಿದೆನು. ಆ ಮೇಲೆ ಆಕೆಯು ಉತ್ತರ ತಿಳಿದಿದ್ದರೂ ಕೈಯೆತ್ತಲಿಲ್ಲ. ಅವಳು ದಡ್ಡಳಾದಳೆಂದು ನಾನು ವರ್ಷಾಂತ್ಯದವರೆಗೂ ನಂಬಿದ್ದೆನು.

ನಾನು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ಹೀಗಿರಲಿಲ್ಲ. ಅಮರಕೋಶವನ್ನು ಮೊದಲು ಕಂಠಸ್ಥ ಮಾಡಿದವನೇ ಉಳಿದವರಿಗೆ ಹೇಳಿಕೊಡಬೇಕು. ಅವನ ಜಾಣತನ ಎಲ್ಲರಿಗೂ ಊರುಗೋಲು. ಅಡ್ಡಹೆಸರಿಟ್ಟು ಕಾಡಿದ್ದುಂಟು, ದೂರ ಮಾಡಿದ್ದಿಲ್ಲ.

ಇರಲಿ. ಬೆರಳು ಹೋದ ಮೇಲೆ ಏಕಲವ್ಯನ ಬಾಣಕ್ಕೆ ಮೊದಲಿನ ವೇಗ ಉಳಿಯಲಿಲ್ಲ, ಅರ್ಜುನನ ಜ್ವರ ಬಿಟ್ಟಿತು ಎನ್ನುತ್ತಾನೆ ಕವಿ. ಹೊಗಳಿದ್ದ ಆ ಉಳಿದ ಹುಡುಗರು ಅಂದು ಏನೆಂದರೆಂಬುದನ್ನು ಮಾತ್ರ ಅವನು ಹೇಳಿಲ್ಲ.