ಋಣ, ಊಳಿಗ ಮತ್ತು ಒಲವು: ಥಾಯ್ ಧಾರಾವಾಹಿ ‘ಕಿನ್‌ಪೋರ್ಶ್’ – ಒಂದು ವಿವೇಚನೆ

ಥಾಯ್ಲೆಂಡಿನ ಕಿರುತೆರೆಯಲ್ಲಿ ಪುರುಷರಿಬ್ಬರ ಪ್ರೇಮವನ್ನು ವಸ್ತುವಾಗಿಸಿಕೊಂಡ ಧಾರಾವಾಹಿಗಳು ಇಂದು ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದು ನಿಂತಿವೆ. 2014ರಲ್ಲಿ ಪ್ರಸಾರವಾದ ‘ಲವ್ ಸಿಕ್’ ಈ ಪ್ರಕಾರದ ಆರಂಭದ ಮೈಲಿಗಲ್ಲುಗಳಲ್ಲಿ ಒಂದು. 2016ರ ‘ಸೋಟಸ್’ ಅದಕ್ಕೆ ಹೊರದೇಶಗಳಲ್ಲಿಯೂ ನೋಡುಗರನ್ನು ದೊರಕಿಸಿಕೊಟ್ಟಿತು. ಮೊದಲ ಹಂತದ ಈ ಕಥೆಗಳ ಆವರಣ ಬಹುಮಟ್ಟಿಗೆ ಶಾಲೆ ಮತ್ತು ಕಾಲೇಜು. ಅಲ್ಲಿನ ತೊಡಕುಗಳು ಹರೆಯದ ನಾಚಿಕೆ, ಸ್ನೇಹಿತರ ಅಪನಂಬಿಕೆ, ತಂದೆತಾಯಿಗಳ ಅಸಮ್ಮತಿ ಮುಂತಾದವು. 2019ರ ‘ತ್ರೀ ವಿಲ್ ಬಿ ಫ್ರೀ’ ಪಾತಕಲೋಕದ ಕಡೆಗೆ ಹೊರಳಿತ್ತಾದರೂ, ಆ ಲೋಕವನ್ನು ಭಾರಿ ಪ್ರಮಾಣದಲ್ಲಿ ತೆರೆಗೆ ತಂದ ಕೃತಿಯೆಂದರೆ 2022ರ ಏಪ್ರಿಲ್ 2ರಿಂದ ಜುಲೈ 9ರವರೆಗೆ ಹದಿನಾಲ್ಕು ಕಂತುಗಳಲ್ಲಿ ಪ್ರಸಾರವಾದ ‘ಕಿನ್‌ಪೋರ್ಶ್’. ಅಂತರ್ಜಾಲದಲ್ಲಿ ಪ್ರಕಟಗೊಂಡ ಕಾದಂಬರಿಯೊಂದು ಇದರ ಮೂಲ. ಇದರ ಮೂವರು ನಿರ್ದೇಶಕರಲ್ಲಿ ಒಬ್ಬರಾದ ಕೊಂಗ್‌ಕಿಯತ್ ಖೊಮ್‌ಸಿರಿ ಥಾಯ್ ಚಲನಚಿತ್ರರಂಗದಲ್ಲಿ ಹಿಂಸೆಯ ಕಥಾನಕಗಳಿಗೆ ಹೆಸರಾದವರು.

ಭೂಗತ ಲೋಕದ ರೋಚಕತೆಗೆ ಸಲಿಂಗ ಪ್ರೇಮವನ್ನು ಬೆಸೆದ ಜನಪ್ರಿಯ ಕಥನವೆಂದು ಈ ಕೃತಿಯನ್ನು ಬದಿಗೆ ಸರಿಸುವುದು ಸುಲಭ. ಆದರೆ ಇದರ ಒಡಲಿನಲ್ಲಿ ಗಂಭೀರವಾದ ಪ್ರಶ್ನೆಯೊಂದಿದೆ. ಋಣದಲ್ಲಿ ಸಿಲುಕಿದವನು ಋಣ ಹೊರಿಸಿದವನಿಗೆ ನೀಡುವ ಒಲವು ಎಷ್ಟರಮಟ್ಟಿಗೆ ಅವನದೇ ಆಗಿರಬಲ್ಲದು? ಧಾರಾವಾಹಿಯು ಈ ಪ್ರಶ್ನೆಯನ್ನು ಹೇಗೆ ಎತ್ತುತ್ತದೆ ಮತ್ತು ಎಲ್ಲಿ ಕೈಬಿಡುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಥಾಯ್ ಭಾಷೆಯಲ್ಲಿ ಪಾತಕಲೋಕದ ಯಜಮಾನನನ್ನು ‘ಚಾವೊ ಫೊ’ ಎಂದು ಕರೆಯುತ್ತಾರೆ. ಒಂದು ಸ್ಥಳವನ್ನು ಕಾಯುವ ದೈವಕ್ಕೂ ಇದೇ ಹೆಸರು. ‘ಒಡೆಯನಾದ ತಂದೆ’ ಎಂಬುದು ಇದರ ಪದಶಃ ಅರ್ಥ. ಊರಿಗೆ ರಕ್ಷಣೆ ನೀಡಿ ಹರಕೆ ಪಡೆಯುವ ದೈವದ ಹೆಸರು, ರಕ್ಷಣೆಯ ಹೆಸರಿನಲ್ಲಿ ಕಪ್ಪ ವಸೂಲಿ ಮಾಡುವ ಮನುಷ್ಯನಿಗೆ ಸಂದಿರುವುದು ಆಕಸ್ಮಿಕವೆನಿಸದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಾಂತೀಯ ವ್ಯಾಪಾರ ವಿಸ್ತರಿಸಿದಂತೆ ಇಂತಹ ಯಜಮಾನರು ಪ್ರಬಲರಾದರು. ಚುನಾವಣೆಗಳ ಮೂಲಕ ರಾಜಕಾರಣದಲ್ಲಿಯೂ ನೆಲೆ ಕಂಡುಕೊಂಡರು. ಅವರ ಬಲಕ್ಕೆ ಬಂದೂಕಿನಷ್ಟೇ ಆಧಾರವಾದುದು ‘ಬುನ್‌ಖುನ್’ ಎಂಬ ಮೌಲ್ಯ. ‘ಪುಣ್ಯ’ ಮತ್ತು ‘ಗುಣ’ ಎಂಬ, ಕನ್ನಡಕ್ಕೂ ಪರಿಚಿತವಾದ ಪದಗಳು ಥಾಯ್ ಉಚ್ಚಾರದಲ್ಲಿ ಕೂಡಿ ಈ ಮಾತು ಉಂಟಾಗಿದೆ. ಉಪಕಾರ ಮಾಡಿದವರಿಗೆ, ಅಂದರೆ ತಂದೆತಾಯಿಗೆ, ಗುರುವಿಗೆ, ಆಶ್ರಯದಾತನಿಗೆ, ಉಪಕೃತನು ಜೀವಮಾನವಿಡೀ ಸಲ್ಲಿಸಬೇಕಾದ ಋಣವೇ ಬುನ್‌ಖುನ್. ಉಂಡ ಅನ್ನಕ್ಕಾಗಿ ಒಡೆಯನ ಪರವಾಗಿ ಪ್ರಾಣ ತೆರುವ ‘ಜೋಳದ ಪಾಳಿ’ಯ ಕಲ್ಪನೆಯನ್ನು ಬಲ್ಲ ಕನ್ನಡದ ಓದುಗರಿಗೆ ಇದು ತೀರ ಅಪರಿಚಿತವೆನಿಸಲಾರದು.

ಈ ಮೌಲ್ಯಕ್ಕೆ ಕರಾಳವಾದ ಮಗ್ಗುಲೂ ಇದೆ. ಹಳೆಯ ಸಯಾಮಿನಲ್ಲಿ ‘ಥಾತ್’ ಎಂಬ ವರ್ಗವಿತ್ತು. ಸಂಸ್ಕೃತದ ‘ದಾಸ’ ಶಬ್ದವೇ ಇದರ ಮೂಲ. ಇವರಲ್ಲಿ ಅನೇಕರು ಸಾಲದ ದೆಸೆಯಿಂದ ಊಳಿಗಕ್ಕೆ ಬಿದ್ದವರು. ಮನೆಯ ಹಿರಿಯನು ಪಡೆದ ಹಣಕ್ಕೆ ಕಿರಿಯರು ಒತ್ತೆಯಾಗುವುದು ಅಂದು ರೂಢಿಯಲ್ಲಿದ್ದ ಸಂಗತಿ. ಚುಲಾಲಂಗಕಾರ್ನ್ ದೊರೆಯು 1874ರಲ್ಲಿ ಆರಂಭಿಸಿದ ಸುಧಾರಣೆಯು 1905ರ ಶಾಸನದೊಂದಿಗೆ ಈ ಪದ್ಧತಿಯನ್ನು ಕೊನೆಗಾಣಿಸಿತು.

ಈ ಹಿನ್ನೆಲೆಯಲ್ಲಿ ‘ಕಿನ್‌ಪೋರ್ಶ್’ನ ಕಥಾರಂಭವನ್ನು ನೋಡಿದರೆ ಅದರ ಪ್ರೇಮಕಥೆಗೆ ಬೇರೆಯೇ ಒಂದು ಅರ್ಥ ಪ್ರಾಪ್ತವಾಗುತ್ತದೆ. ಬ್ಯಾಂಕಾಕಿನ ಬಾರೊಂದರಲ್ಲಿ ದುಡಿಯುವ ಪೋರ್ಶ್, ಬೆನ್ನಟ್ಟಿದ ಶತ್ರುಗಳಿಂದ ಕಿನ್ ಎಂಬಾತನನ್ನು ಹಣಕ್ಕಾಗಿ ಪಾರುಮಾಡುತ್ತಾನೆ. ಕಿನ್ ಒಂದು ಪಾತಕ ಮನೆತನದ ಎರಡನೆಯ ಮಗ, ಭಾವೀ ಯಜಮಾನ. ಅವನು ಪೋರ್ಶ್‌ನನ್ನು ಅಂಗರಕ್ಷಕನಾಗಿ ಬಯಸುತ್ತಾನೆ, ಪೋರ್ಶ್ ಒಪ್ಪುವುದಿಲ್ಲ. ಕೊನೆಗೆ ಚಿಕ್ಕಪ್ಪನ ಜೂಜಿನ ಸಾಲದಿಂದ ಮನೆ ಕೈತಪ್ಪುವ ಸ್ಥಿತಿ ಒದಗಿ, ತಮ್ಮ ಪೋರ್ಚೇಯ ಓದು ಮತ್ತು ಬದುಕಿನ ಚಿಂತೆ ಎದುರಾದಾಗ ಅವನು ಊಳಿಗಕ್ಕೆ ತಲೆಬಾಗುತ್ತಾನೆ. ಹಿರಿಯನ ಸಾಲಕ್ಕೆ ಕಿರಿಯನು ಒತ್ತೆಯಾಗುವ ಹಳೆಯ ಕ್ರಮವೇ ಇಲ್ಲಿ ಕರಾರುಪತ್ರದ ರೂಪದಲ್ಲಿ ಮರುಕಳಿಸಿದೆ.

ಈ ದೃಷ್ಟಿಯಿಂದ ನಾಲ್ಕನೆಯ ಕಂತು ನಿರ್ಣಾಯಕವಾದುದು. ಕಾಮೋದ್ರೇಕದ ಮದ್ದನ್ನು ಯಾರೋ ಬೆರೆಸಿಕೊಟ್ಟ ಪರಿಣಾಮವಾಗಿ ಸ್ವಸ್ಥಚಿತ್ತನಲ್ಲದ ಪೋರ್ಶ್‌ನೊಡನೆ ಕಿನ್ ದೇಹಸಂಬಂಧ ಬೆಳೆಸುತ್ತಾನೆ. ಸಮ್ಮತಿ ನೀಡಲು ಶಕ್ತನಲ್ಲದವನ ಮೈಯನ್ನು ಅವನ ಒಡೆಯನೇ ಬಳಸಿಕೊಂಡ ಸನ್ನಿವೇಶವಿದು. ಮುಂದಿನ ಕಂತಿನಲ್ಲಿ ಪೋರ್ಶ್‌ನ ಕಳವಳ, ದೂರ ಸರಿಯುವಿಕೆ, ಮೌನ ಇವನ್ನು ಕ್ಯಾಮರಾ ಸಾವಧಾನದಿಂದ ಹಿಡಿದಿಡುತ್ತದೆ. ಆ ಪಾತ್ರವನ್ನು ನಿರ್ವಹಿಸಿದ ನತ್ತವಿನ್ ವತ್ತನಗಿತಿಫತ್ ಅವರ ಅಭಿನಯವೂ ಗಾಯದ ಆಳವನ್ನು ಮನಗಾಣಿಸುತ್ತದೆ. ಆದರೆ ಕಥನವು ಈ ಗಾಯವನ್ನು ಅಪರಾಧವೆಂದು ಹೆಸರಿಸದೆ, ಇಬ್ಬರ ನಡುವಿನ ತಪ್ಪುತಿಳಿವಳಿಕೆಯ ಮಟ್ಟಕ್ಕೆ ಇಳಿಸಿ ಮುಂದೆ ಸಾಗುತ್ತದೆ. ಅನಂತರ ಕೈಕೋಳದಲ್ಲಿ ಜೊತೆಯಾಗಿ ಬಂಧಿತರಾದ ಇಬ್ಬರೂ ಕಾಡಿನಲ್ಲಿ ಅಲೆಯುವ ಭಾಗ ಬರುತ್ತದೆ. ಅಲ್ಲಿ ಅಂಗರಕ್ಷಕರಿಲ್ಲ, ಸಂಪತ್ತಿಲ್ಲ; ಹಸಿವು ಮತ್ತು ದಣಿವು ಇಬ್ಬರಿಗೂ ಸಮ. ಒಡೆಯ-ಆಳು ಎಂಬ ಭೇದ ಕಳಚಿದಾಗ ಮಾತ್ರ ಇವರ ನಡುವೆ ಸಲುಗೆ ಹುಟ್ಟಬಲ್ಲದೆಂಬ ಸತ್ಯವನ್ನು ಕೃತಿ ಇಲ್ಲಿ ಕಂಡುಕೊಂಡಿದೆ. ಊರಿಗೆ ಮರಳಿದೊಡನೆ ಆ ಭೇದವೂ ಮರಳುತ್ತದೆ.

ಋಣದ ಕ್ರೌರ್ಯವನ್ನು ಮುಖ್ಯಕಥೆಗಿಂತಲೂ ನಿಷ್ಠುರವಾಗಿ ತೋರಿಸುವುದು ಪೀಟ್ ಎಂಬ ಅಂಗರಕ್ಷಕನ ಉಪಕಥೆ. ಮನೆತನದ ಹಿರಿಯ ಮಗ ತಾಂಖುನ್ ಬಾಲ್ಯದ ಅಪಹರಣದಿಂದ ಜರ್ಝರಿತನಾದವನು. ಅವನು ಧಾರಾವಾಹಿ ನೋಡುವಾಗ ಅಂಗರಕ್ಷಕರೂ ಪಕ್ಕದಲ್ಲಿ ಕುಳಿತು ನೋಡಬೇಕು. ಇಂತಹ ಪ್ರಸಂಗಗಳು ನಗೆ ಉಕ್ಕಿಸುತ್ತವೆಯಾದರೂ, ಒಡೆಯನ ಮನೋಲಹರಿಗೆ ಆಳಿನ ಹೊತ್ತೆಲ್ಲವೂ ಮೀಸಲು ಎಂಬುದು ಆ ನಗೆಯ ಹಿಂದಿನ ವಾಸ್ತವ. ಇಷ್ಟು ನಿಷ್ಠೆಯ ಪೀಟ್ ಎದುರಾಳಿ ಕವಲಿನ ವೇಗಸ್‌ನ ಸೆರೆಯಲ್ಲಿ ಸರಪಳಿಗೆ ಸಿಕ್ಕಿ ನರಳುವಾಗ, ಅವನು ಪ್ರಾಣ ಮುಡಿಪಿಟ್ಟಿದ್ದ ಮನೆಗೆ ಅವನ ಗೈರುಹಾಜರಿ ಬಹುಕಾಲ ದೊಡ್ಡ ಸಂಗತಿಯೆನಿಸುವುದೇ ಇಲ್ಲ. ಋಣವು ಕೆಳಗಿನಿಂದ ಮೇಲಕ್ಕೆ ಮಾತ್ರ ಸಲ್ಲತಕ್ಕದ್ದು ಎಂಬ ವ್ಯವಸ್ಥೆಯ ನಿಯಮ ಇಲ್ಲಿ ಬಯಲಾಗುತ್ತದೆ. ಹಿಂಸಿಸಿದ ವೇಗಸ್‌ನನ್ನೇ ಪೀಟ್ ಪ್ರೀತಿಸತೊಡಗುವುದು ನೋಡುಗರನ್ನು ಕಲಕುವ ಬೆಳವಣಿಗೆ. ಹಿಂಸೆಯನ್ನು ಒಲವಿನ ಪೀಠಿಕೆಯಾಗಿಸಿದ ದೋಷ ಇದರಲ್ಲಿದೆ. ಆದರೂ ಮುಂದೆ ಪೀಟ್ ಮನೆತನದ ಕೆಲಸವನ್ನು ತೊರೆದು ತನ್ನ ಆಯ್ಕೆಯನ್ನು ಮಾಡುತ್ತಾನೆ. ಒಲಿಯುವ ಮೊದಲು ಊಳಿಗವನ್ನು ಬಿಡಬೇಕೆಂಬ ಅರಿವು ಪ್ರಧಾನ ಜೋಡಿಗೆ ದಕ್ಕದೆ, ಈ ಉಪಪಾತ್ರಕ್ಕೆ ದಕ್ಕಿರುವುದು ಗಮನಾರ್ಹ.

ಕೊನೆಯ ಕಂತಿನಲ್ಲಿ ಧಾರಾವಾಹಿ ತಾನೆತ್ತಿದ ಪ್ರಶ್ನೆಯಿಂದ ಹಿಂದೆ ಸರಿದಿದೆ. ಸತ್ತಳೆಂದು ನಂಬಲಾಗಿದ್ದ ಪೋರ್ಶ್‌ನ ತಾಯಿ ನೆನಪು ಕಳೆದುಕೊಂಡ ಸ್ಥಿತಿಯಲ್ಲಿ ಬದುಕಿರುವುದು, ಅವಳಿಗೆ ಆ ಮನೆತನದೊಡನೆ ಹಿಂದಿನಿಂದಲೂ ನಂಟಿದ್ದುದು ತಿಳಿದುಬರುತ್ತದೆ. ಕಿನ್‌ನ ತಂದೆ ಕೊರ್ನ್ ಹೂಡಿದ ಆಟದ ಫಲವಾಗಿ ಪೋರ್ಶ್ ಮನೆತನದ ಕಿರಿಯ ಕವಲಿಗೆ ಯಜಮಾನನಾಗುತ್ತಾನೆ. ಹೀಗೆ ಇಬ್ಬರು ಪ್ರೇಮಿಗಳೂ ಸಮಾನರಾದರು ಎಂಬ ಸಮಾಧಾನವನ್ನು ಕಥನ ನೀಡಬಯಸುತ್ತದೆ. ಆದರೆ ಆಳು ಯಜಮಾನನಾದನೇ ಹೊರತು ಆಳ್ತನ ಅಳಿಯಲಿಲ್ಲ. ಪೋರ್ಶ್ ನಿಂತಿದ್ದ ಜಾಗದಲ್ಲಿ ನಾಳೆ ಮತ್ತೊಬ್ಬ ಸಾಲಗಾರನ ಮಗ ನಿಲ್ಲಬೇಕಾಗುತ್ತದೆ. ತಾಯಿಯನ್ನು ಮರಳಿಸಿಕೊಟ್ಟ ಉಪಕಾರದಿಂದ ಪೋರ್ಶ್‌ನ ಮೇಲೆ ಕೊರ್ನ್ ಹೊರಿಸಿದ ಋಣವು ಮೊದಲಿನದಕ್ಕಿಂತ ಭಾರವಾದುದು.

ಸಲಿಂಗ ಪ್ರೇಮದ ಸಾಮಾಜಿಕ ಸ್ವೀಕಾರದ ದೃಷ್ಟಿಯಿಂದಲೂ ಈ ಮುಕ್ತಾಯ ವಿಚಾರಾರ್ಹ. ಧಾರಾವಾಹಿಯಲ್ಲಿ ಕಿನ್‌ನ ಒಲವನ್ನು ಪ್ರಶ್ನಿಸುವ ಧೈರ್ಯ ಹೆಚ್ಚಿನವರಿಗಿಲ್ಲ, ಏಕೆಂದರೆ ಅವನು ಬಲಾಢ್ಯ. ಅಲ್ಲಿ ಸ್ವೀಕಾರವು ಹಕ್ಕಿನಿಂದ ಬಂದುದಲ್ಲ, ಅಧಿಕಾರದಿಂದ ಬಂದುದು. ಇದೇ ಧಾರಾವಾಹಿ ಪ್ರಸಾರವಾಗುತ್ತಿದ್ದಾಗ, 2022ರ ಜೂನ್ 15ರಂದು, ಥಾಯ್ ಸಂಸತ್ತಿನ ಕೆಳಮನೆಯು ಸಲಿಂಗ ಸಂಗಾತಿಗಳ ವಿವಾಹ ಹಾಗೂ ಸಹಜೀವನಕ್ಕೆ ಸಂಬಂಧಿಸಿದ ನಾಲ್ಕು ಮಸೂದೆಗಳಿಗೆ ಮೊದಲ ವಾಚನದಲ್ಲಿ ಒಪ್ಪಿಗೆ ನೀಡಿತ್ತು. ಅವು ಅಂದು ಪೂರ್ಣಗೊಳ್ಳದಿದ್ದರೂ, ಹೊಸ ಸಂಸತ್ತು 2024ರಲ್ಲಿ ಅಂಗೀಕರಿಸಿದ ಸಮಾನ ವಿವಾಹದ ಕಾನೂನು 2025ರ ಜನವರಿ 23ರಿಂದ ಜಾರಿಗೆ ಬಂದಿತು. ಈ ಹಕ್ಕು ಬಾರಿನಲ್ಲಿ ದುಡಿಯುವ ಸಾಮಾನ್ಯನಿಗೂ ಸಲ್ಲುವಂಥದು; ಅದನ್ನು ಪಡೆಯಲು ಯಾವ ಚಾವೊ ಫೊನ ಕೃಪೆಯೂ ಬೇಕಿಲ್ಲ.

ಒಟ್ಟಿನಲ್ಲಿ, ಪ್ರೇಮಕ್ಕೆ ಇರುವ ತೊಡಕನ್ನು ಲಿಂಗದಲ್ಲಿ ಮಾತ್ರ ಹುಡುಕದೆ ಋಣದ ವ್ಯವಸ್ಥೆಯಲ್ಲಿಯೂ ಗುರುತಿಸಿದ್ದು ‘ಕಿನ್‌ಪೋರ್ಶ್’ನ ಸಾಧನೆ. ಆ ವ್ಯವಸ್ಥೆಯ ಶಿಖರದಲ್ಲಿಯೇ ಪ್ರೇಮಿಗಳನ್ನು ಕೂರಿಸಿ ಕಥೆಯನ್ನು ಮುಗಿಸಿದ್ದು ಅದರ ಮಿತಿ. ಈ ಪ್ರಕಾರದ ಮುಂದಿನ ಕೃತಿಗಳನ್ನು ಅಭ್ಯಸಿಸುವವರು ಪ್ರೇಮಿಗಳು ಕೊನೆಗೆ ಒಂದಾದರೇ ಎಂಬುದರೊಡನೆ, ಬೇಡವೆನ್ನುವ ಸ್ವಾತಂತ್ರ್ಯ ಇಬ್ಬರಿಗೂ ಇತ್ತೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.