ಡಮಾಮಿ ಬಂತು, ಪಾತ್ರ ಎಲ್ಲಿ?

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಜೋಯಿಡಾ ಸುತ್ತಿನ ರೆಸಾರ್ಟ್‌ಗಳು ಪ್ರವಾಸಿಗರಿಗೆ ಕಾಳಿ ನದಿಯ ರಾಫ್ಟಿಂಗ್, ಕಾಡಿನ ಸಫಾರಿ, ಮಂಗಟ್ಟೆ ಹಕ್ಕಿಗಳ ಜೊತೆಗೆ ಇನ್ನೊಂದನ್ನೂ ಸೇರಿಸಿ ಮಾರುತ್ತವೆ: ಸಂಜೆಯ ಬೆಂಕಿಯ ಸುತ್ತ ಆಫ್ರಿಕ ಮೂಲದ ಸಿದ್ದಿ ಜನರ ನೃತ್ಯ. ಡಮಾಮಿ ಎಂಬ ಚರ್ಮವಾದ್ಯ ಬಡಿಯುತ್ತದೆ, ಸೊಪ್ಪು ಸುತ್ತಿಕೊಂಡವರು ಕುಣಿಯುತ್ತಾರೆ, ಬೆಂಗಳೂರು-ಪುಣೆಯಿಂದ ಬಂದವರು ಮೊಬೈಲ್ ಎತ್ತುತ್ತಾರೆ. ಕುಣಿದವರ ಮನೆಗೆ ಅಷ್ಟಿಷ್ಟು ದುಡ್ಡು ಹೋಗುತ್ತದೆ. ಅದನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ರೆಸಾರ್ಟಿನವರಿಗೆ ಒಪ್ಪುವ ಈ ನೋಟವೇ ನಮ್ಮ ಸಿನಿಮಾಕ್ಕೂ ಸಾಕೆನಿಸಿರುವುದು ಮಾತ್ರ ತಕರಾರಿನ ವಿಷಯ. ತೆರೆಯ ಮೇಲೆ ಸಿದ್ದಿ ಎಂದರೆ ಒಂದು ಮೈಬಣ್ಣ, ಒಂದು ಗುಂಗುರು ಕೂದಲು, ಒಂದು ತಾಳ. ಅಷ್ಟರಲ್ಲಿ ಅವನ ಕೆಲಸ ಮುಗಿಯಿತು.

ಇದನ್ನು ತೂಗಿ ನೋಡಲು ಒಂದು ತಕ್ಕಡಿ ಬೇಕು. ಅದಕ್ಕಾಗಿ ನಾನು 2022ರ ಜನವರಿ 6ರಂದು 94ನೆಯ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ನಟ ಸಿಡ್ನಿ ಪಾಯ್ಟಿಯರ್‌ನ ವೃತ್ತಿಜೀವನವನ್ನು ಎತ್ತಿಕೊಳ್ಳುತ್ತೇನೆ. ಶ್ರೇಷ್ಠ ನಟ ಪ್ರಶಸ್ತಿಯ ಆಸ್ಕರ್ ಪಡೆದ ಮೊದಲ ಕರಿಯ ನಟ ಎಂಬ ಒಂದೇ ಸಾಲಿನಲ್ಲಿ ಅವನನ್ನು ಮುಗಿಸುವುದು ರೂಢಿ. ಅವನು ಗೆದ್ದದ್ದೇನು, ಆ ಗೆಲುವಿಗೆ ತೆತ್ತದ್ದೇನು ಎಂಬೆರಡನ್ನೂ ನೋಡಿದರೆ ಹಳಿಯಾಳ, ಮುಂಡಗೋಡದ ಸಿದ್ದಿ ಕಲಾವಿದರು ಈಗ ಎಲ್ಲಿ ನಿಂತಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ.

ಪಾಯ್ಟಿಯರ್ ಬಹಾಮಾಸಿನ ಕ್ಯಾಟ್ ಐಲೆಂಡ್ ಎಂಬ ದ್ವೀಪದಲ್ಲಿ ಟೊಮ್ಯಾಟೊ ಬೆಳೆಯುವ ಬಡ ರೈತರ ಮಗ. ಹೆತ್ತವರು ಫಸಲು ಮಾರಲು ಮಯಾಮಿಗೆ ಹೋದಾಗ, 1927ರ ಫೆಬ್ರುವರಿಯಲ್ಲಿ, ಅಲ್ಲಿ ಹುಟ್ಟಿದ್ದರಿಂದ ಅಮೆರಿಕದ ಪ್ರಜೆಯಾದ. ಹದಿಹರೆಯದಲ್ಲಿ ನ್ಯೂಯಾರ್ಕಿಗೆ ಬಂದು ಹೋಟೆಲುಗಳಲ್ಲಿ ಪಾತ್ರೆ ತೊಳೆದ. ಅಮೆರಿಕನ್ ನೀಗ್ರೊ ಥಿಯೇಟರಿಗೆ ಆಯ್ಕೆಗೆ ಹೋದಾಗ ಓದಲು ತಡವರಿಸಿದ, ದ್ವೀಪದ ಉಚ್ಚಾರಣೆ ಬೇರೆ; ಬಾಗಿಲು ತೋರಿಸಿದರು. ಅವನು ರೇಡಿಯೊ ಕೇಳಿ ಕೇಳಿ ಮಾತು ತಿದ್ದಿಕೊಂಡ, ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ವಯಸ್ಸಾದ ಯಹೂದಿ ಮಾಣಿಯಿಂದ ಓದು ಕಲಿತ. ಮುಂದೆ ಜಗತ್ತೇ ಮೆಚ್ಚಿದ ಆ ತೂಕದ ಮಾತು ಹೀಗೆ ಹಟ ಹಿಡಿದು ಕಟ್ಟಿಕೊಂಡದ್ದು. ಕನ್ನಡ ಸಿನಿಮಾಕ್ಕೆ ಬರುವ ಸಿದ್ದಿ ನಟನ ಎದುರೂ ಇಂಥದೇ ಗೋಡೆಯಿದೆ. ಅವನ ಮನೆಮಾತು ಕೊಂಕಣಿಯ ಒಂದು ಬಗೆ, ಪೇಟೆಯಲ್ಲಿ ಮರಾಠಿ ಬೆರೆತ ಕನ್ನಡ. ಬೆಂಗಳೂರಿನ ಡಬ್ಬಿಂಗ್ ಕೋಣೆಗೆ ಆ ಧಾಟಿ ತಮಾಷೆಗೆ ಮಾತ್ರ ಒದಗುತ್ತದೆ.

1950ರ ‘ನೋ ವೇ ಔಟ್’ ಚಿತ್ರದಲ್ಲಿ ಪಾಯ್ಟಿಯರ್ ವೈದ್ಯನಾಗಿ ಬಂದ. ಅಲ್ಲಿಯವರೆಗೆ ಹಾಲಿವುಡ್ಡಿನ ಕರಿಯರು ಮನೆಗೆಲಸದವರು, ಸಾರೋಟು ಹೊಡೆಯುವವರು, ಹಾಸ್ಯಕ್ಕೆ ಕಣ್ಣು ಹೊರಳಿಸುವವರು. ‘ಗಾನ್ ವಿತ್ ದ ವಿಂಡ್’ ಚಿತ್ರದ ಮನೆಗೆಲಸದವಳ ಪಾತ್ರಕ್ಕೆ 1940ರಲ್ಲಿ ಆಸ್ಕರ್ ಪಡೆದ ಹ್ಯಾಟಿ ಮೆಕ್‌ಡೇನಿಯಲ್ ಆ ಸಮಾರಂಭದಲ್ಲೇ ಉಳಿದವರಿಂದ ದೂರ ಬೇರೆ ಮೇಜಿನಲ್ಲಿ ಕೂರಬೇಕಾಯಿತು. ಅಂಥ ಊರಿನಲ್ಲಿ ಒಬ್ಬ ಕರಿಯ ಯುವಕ ಸೂಟು ತೊಟ್ಟು, ತಲೆ ತಗ್ಗಿಸದೆ, ಬಿಳಿಯರ ಕಣ್ಣಿಗೆ ಕಣ್ಣಿಟ್ಟು ಮಾತಾಡಿದ್ದೇ ದೊಡ್ಡ ಬದಲಾವಣೆ. 1963ರ ‘ಲಿಲೀಸ್ ಆಫ್ ದ ಫೀಲ್ಡ್’ನಲ್ಲಿ ಕ್ರೈಸ್ತ ಸನ್ಯಾಸಿನಿಯರಿಗೆ ಪ್ರಾರ್ಥನಾ ಮಂದಿರ ಕಟ್ಟಿಕೊಡುವ ಅಲೆಮಾರಿ ಕೆಲಸಗಾರನ ಪಾತ್ರಕ್ಕೆ ಆಸ್ಕರ್ ಬಂತು.

ಪಾಯ್ಟಿಯರ್‌ನ ಅಭಿನಯದ ಬಲವಿರುವುದು ತಡೆಹಿಡಿಯುವುದರಲ್ಲಿ. 1967ರ ‘ಇನ್ ದ ಹೀಟ್ ಆಫ್ ದ ನೈಟ್’ನಲ್ಲಿ ಅವನು ಫಿಲಡೆಲ್ಫಿಯಾದ ಪೊಲೀಸ್ ಅಧಿಕಾರಿ, ದಕ್ಷಿಣದ ಸಣ್ಣ ಊರಿನ ರೈಲು ನಿಲ್ದಾಣದಲ್ಲಿ ಕೂತಿದ್ದಕ್ಕೇ ಕೊಲೆಯ ಅನುಮಾನದಲ್ಲಿ ಬಂಧಿತ. ಚಿತ್ರದುದ್ದಕ್ಕೂ ಅವನ ಸಿಟ್ಟು ದವಡೆಯ ಸ್ನಾಯುಗಳಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದಲೇ ಊರಿನ ಸಿರಿವಂತ ಜಮೀನ್ದಾರ ಕೆನ್ನೆಗೆ ಬಾರಿಸಿದಾಗ, ಅರೆಕ್ಷಣವೂ ತಡೆಯದೆ ಅವನು ತಿರುಗಿ ಬಾರಿಸುವುದು ನೋಡುವವರ ಎದೆಗೆ ನಾಟುತ್ತದೆ. ಆ ಚಿತ್ರಕ್ಕೆ ಶ್ರೇಷ್ಠ ಚಿತ್ರದ ಆಸ್ಕರ್ ಬಂತು, ಜೊತೆಗೆ ನಟಿಸಿದ ರಾಡ್ ಸ್ಟೈಗರ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಪಾಯ್ಟಿಯರ್ ಹೆಸರು ನಾಮನಿರ್ದೇಶನದ ಪಟ್ಟಿಯಲ್ಲೂ ಇರಲಿಲ್ಲ.

ಇನ್ನು ತೆತ್ತ ಬೆಲೆಯ ಮಾತು. ಅದೇ ವರ್ಷದ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ನಲ್ಲಿ ಬಿಳಿಯ ಹುಡುಗಿಯನ್ನು ಮದುವೆಯಾಗಲು ಹೊರಟ ಕರಿಯ ವರ ಜಗತ್ಪ್ರಸಿದ್ಧ ವೈದ್ಯ, ವಿದ್ಯೆ, ವಿನಯ, ಗುಣ ಯಾವುದರಲ್ಲೂ ಎಳ್ಳಷ್ಟು ಕೊರತೆಯಿಲ್ಲ. ಇಷ್ಟಾದರೂ ಅವರಿಬ್ಬರ ಮುತ್ತು ಟ್ಯಾಕ್ಸಿಯ ಕನ್ನಡಿಯಲ್ಲಿ ಮಿಂಚಿ ಮರೆಯಾಗುತ್ತದೆ. ಬಿಳಿಯ ಪ್ರೇಕ್ಷಕ ಒಪ್ಪಬೇಕಾದರೆ ಕರಿಯ ದೇವರಂತಿರಬೇಕು ಎಂಬುದು ಆ ಕಾಲದ ಹಾಲಿವುಡ್ಡಿನ ಲೆಕ್ಕ. ಕರಿಯ ನಾಟಕಕಾರ ಕ್ಲಿಫರ್ಡ್ ಮೇಸನ್ 1967ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದನ್ನು ಕಟುವಾಗಿ ಟೀಕಿಸಿದ. ಆ ಟೀಕೆಯ ತಿರುಳು ಸರಿ. ತನ್ನ ಜನರೆಲ್ಲರ ಮಾನವನ್ನು ಒಬ್ಬನೇ ಹೊರಬೇಕಾದ ನಟನಿಗೆ ತಪ್ಪು ಮಾಡುವ ಸ್ವಾತಂತ್ರ್ಯವಿರಲಿಲ್ಲ. ತಪ್ಪು ಮಾಡದ ಪಾತ್ರ ಬೇಗ ಬೊಂಬೆಯಾಗುತ್ತದೆ.

ಅವನ ನಿಜವಾದ ಎತ್ತರ ಕಾಣುವುದು 1961ರ ‘ಎ ರೈಸಿನ್ ಇನ್ ದ ಸನ್’ನಲ್ಲಿ. ಅಲ್ಲಿ ಅವನು ವಾಲ್ಟರ್ ಲೀ ಎಂಬ ಕಾರು ಚಾಲಕ. ಅಪ್ಪನ ವಿಮೆಯ ಹಣ ಕಂಡು ಆಸೆಪಡುತ್ತಾನೆ, ಕುಡಿಯುತ್ತಾನೆ, ಅಮ್ಮನ ಮೇಲೆ ಕೂಗಾಡುತ್ತಾನೆ, ನಂಬಿದವನಿಂದ ಮೋಸಹೋಗಿ ಕುಟುಂಬದ ಗಂಟನ್ನೇ ಕಳೆಯುತ್ತಾನೆ. ಈ ಮನುಷ್ಯನನ್ನು ಬರೆದವಳು ಲೊರೇನ್ ಹ್ಯಾನ್ಸ್‌ಬೆರಿ ಎಂಬ ಕರಿಯ ಲೇಖಕಿ. ಒಳಗಿನವರು ಬರೆದಾಗ ಪಾತ್ರಕ್ಕೆ ಬೆವರು, ಸಣ್ಣತನ, ನಾಚಿಕೆ ಎಲ್ಲ ಬಂದವು. ಮುಂದೆ ಪಾಯ್ಟಿಯರ್ ತಾನೇ ನಿರ್ದೇಶನಕ್ಕಿಳಿದ (1972ರ ‘ಬಕ್ ಆ್ಯಂಡ್ ದ ಪ್ರೀಚರ್’ ಮೊದಲನೆಯದು). ಟೆಲಿವಿಷನ್ನಿನಲ್ಲಿ 1991ರಲ್ಲಿ ನ್ಯಾಯವಾದಿ ಥರ್ಗುಡ್ ಮಾರ್ಷಲ್, 1997ರಲ್ಲಿ ನೆಲ್ಸನ್ ಮಂಡೇಲಾ ಆದ. ಬಹಾಮಾಸಿನ ಪರವಾಗಿ ಜಪಾನಿಗೆ ರಾಯಭಾರಿಯೂ ಆದ.

ಈಗ ನಮ್ಮ ಕಡೆ ತಿರುಗೋಣ. ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕದಿಂದ ಹಿಡಿದು ತಂದವರಲ್ಲಿ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಸಿದ್ದಿಗಳು. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರ, ಅಂಕೋಲಾಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿ ಹಂಚಿಹೋಗಿದ್ದಾರೆ. ಇಂಥವರು ನಮ್ಮಲ್ಲೇ ಇದ್ದಾಗಲೂ 1983ರ ಹಿಂದಿ ಚಿತ್ರ ‘ರಜಿಯಾ ಸುಲ್ತಾನ್’ನಲ್ಲಿ ಹಬ್ಶಿ, ಅಂದರೆ ಆಫ್ರಿಕ ಮೂಲದ, ಯಾಕೂತನ ಪಾತ್ರಕ್ಕೆ ಧರ್ಮೇಂದ್ರನ ಮುಖಕ್ಕೇ ಕಪ್ಪು ಬಳಿದರು. ಮೈಗೆ ಮಸಿ ಹಚ್ಚಿಕೊಂಡ ‘ಕಾಡುಜನ’ರ ಕುಣಿತ ನಮ್ಮ ಹಳೆಯ ಚಿತ್ರಗಳಿಗೂ ಹೊಸದಲ್ಲ. ವಿಜಯಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನನಂಥ ಹಬ್ಶಿ ಮಂತ್ರಿ ಆಳಿದ ನಾಡು ಇದು; ಆ ಕಾಲದ ಚಿತ್ರಪಟಗಳಲ್ಲಿ ಅವನು ಘನತೆಯಿಂದ ನಿಂತಿದ್ದಾನೆ. 17ನೆಯ ಶತಮಾನದ ಕುಂಚ ಕಂಡದ್ದನ್ನು ನಮ್ಮ ಕ್ಯಾಮೆರಾ ಕಾಣಲಿಲ್ಲ.

ಮುಂಡಗೋಡದ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಅಲ್ಲಿನ ಕ್ಯಾಂಪಿನಲ್ಲಿ ನೆಲೆಸಿದ ಟಿಬೆಟನ್ ನಿರಾಶ್ರಿತರ ನಾಡಿನ ಕಥೆಯನ್ನು ಹಾಲಿವುಡ್ ಹೇಳಿದೆ; ‘ಕುಂದುನ್’, ‘ಸೆವೆನ್ ಇಯರ್ಸ್ ಇನ್ ಟಿಬೆಟ್’ ಎರಡೂ 1997ರಲ್ಲಿ ಬಂದವು. ಅದೇ ತಾಲ್ಲೂಕಿನಲ್ಲಿ ಅವರಿಗಿಂತ ನೂರಾರು ವರ್ಷ ಮೊದಲೇ ಬೇರೂರಿದ, ಕನ್ನಡ ಬಲ್ಲ ಸಿದ್ದಿಗಳ ಕಥೆಗೆ ಕನ್ನಡ ಸಿನಿಮಾವೇ ಅಷ್ಟಾಗಿ ಮನಸ್ಸು ಮಾಡಿಲ್ಲ.

ಸಿದ್ದಿಯ ಪ್ರತಿಭೆ ಮೈಯಲ್ಲೇ ಇದೆ ಎಂಬ ನಂಬಿಕೆ ಇದಕ್ಕೆ ಒಂದು ಕಾರಣ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ-ಜಿಗಿತದ ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿಯಂಥವರು ಹೆಸರು ಮಾಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು ಮಕ್ಕಳು ಊರಿಗೆ ಮರಳಿದರು. ಆಫ್ರಿಕದ ರಕ್ತವಿದ್ದರೆ ಪದಕ ತಾನಾಗಿ ಬರುತ್ತದೆ ಎಂದುಕೊಂಡವರು ಆ ಮಕ್ಕಳ ಬದುಕಿನ ಬಗ್ಗೆ ಯೋಚಿಸಲಿಲ್ಲ. ತಾಳ ಅವರ ರಕ್ತದಲ್ಲೇ ಇದೆ ಎಂದು ಮೆಚ್ಚುವ ಸಿನಿಮಾ ನಿರ್ದೇಶಕನದೂ ಇದೇ ತಪ್ಪು. ಡಮಾಮಿ ಹಬ್ಬದಲ್ಲಿ, ಮದುವೆಯಲ್ಲಿ, ಹಿರಿಯರ ಪಕ್ಕ ಕೂತು ಕಲಿಯುವ ವಿದ್ಯೆ. ಹುಟ್ಟುತ್ತಲೇ ಬಂದದ್ದೆನ್ನುವುದು ಕಲಿಸಿದವರಿಗೂ ಕಲಿತವರಿಗೂ ಮಾಡುವ ಅವಮಾನ.

ರಂಗಭೂಮಿ ಇದಕ್ಕಿಂತ ಮೇಲು. 1980ರ ದಶಕದಲ್ಲಿ ನೀನಾಸಮ್ ರಂಗಸಂಸ್ಥೆಯ ಬಳಗದ ಚಿದಂಬರರಾವ್ ಜಂಬೆ, ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ಕೂಡಿಸಿಕೊಂಡು ‘ಕಪ್ಪು ಜನ ಕೆಂಪು ನೆರಳು’ ಆಡಿಸಿದರು. ನೈಜೀರಿಯದ ಲೇಖಕ ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ಆ ನಾಟಕದ ಮೂಲ. ಸಿದ್ದಿಗಳಿಗೆ ಆಫ್ರಿಕದ ಕಥೆಯನ್ನೇ ಕೊಡಬೇಕಿತ್ತೇ ಎಂದು ಕೇಳಬಹುದು. ಅವರನ್ನು ಮತ್ತೆ ಸಮುದ್ರದಾಚೆ ಕಳಿಸಿದಂತಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಅಚಿಬೆಯ ನಾಯಕ ಒಕೊಂಕ್ವೊ ಬೇಸಾಯಗಾರ, ಅಪ್ಪ, ಮಾನಕ್ಕಂಜುವವ, ದುಡುಕಿ ಕೆಡುವವ. ಹೊರಗಿನವರು ಬಂದು ತನ್ನ ನೆಲದ ಕಟ್ಟಳೆ ಬದಲಿಸುವುದನ್ನು ಕಾಣುವವ. ಅರಣ್ಯ ಇಲಾಖೆಯ ಗಡಿಕಲ್ಲಿನ ಪಕ್ಕದಲ್ಲೇ ಬದುಕುವ ಸಿದ್ದಿಗೆ ಅದು ದೂರದ ಕಥೆಯೇನಲ್ಲ. ವಾಲ್ಟರ್ ಲೀಯ ತೂಕದ ಪಾತ್ರವೊಂದು ಸಿದ್ದಿ ನಟನ ಕೈಗೆ ಬಂದದ್ದು ಆಗ, ಆ ಹಳ್ಳಿಯಲ್ಲಿ.

ಆ ದಾರಿಯಿಂದಲೇ ಮುಂದಿನ ತಲೆಮಾರು ಬಂತು. ನೀನಾಸಮ್‌ನಲ್ಲಿ ಕಲಿತ ಪ್ರಶಾಂತ್ ಸಿದ್ದಿ 2011ರಲ್ಲಿ ಯೋಗರಾಜ್ ಭಟ್ಟರ ‘ಪರಮಾತ್ಮ’ದಲ್ಲಿ ಪುನೀತ್ ರಾಜ್‌ಕುಮಾರ್ ಜೊತೆ ಕಾಣಿಸಿಕೊಂಡು ಜನರ ಗಮನ ಸೆಳೆದರು, ಸಂಗೀತದಲ್ಲೂ ಕೈಯಾಡಿಸಿದರು. ಗಿರಿಜಾ ಸಿದ್ದಿ ರಂಗನಟಿ, ಗಾಯಕಿ. 2021ರ ‘ಸಲಗ’ದಲ್ಲಿ ಚರಣ್‌ರಾಜ್ ಸಂಗೀತದ ‘ಟಿಣಿಂಗ ಮಿಣಿಂಗ ಟಿಶ್ಯ’ ಹಾಡಿನಲ್ಲಿ ಗಿರಿಜಾ, ಗೀತಾ ಸಿದ್ದಿಯವರ ಕಂಠ ನಾಡಿನ ಆಟೊ, ಮದುವೆ ಮಂಟಪಗಳನ್ನೆಲ್ಲ ತಲುಪಿತು. ಸಿದ್ದಿಗಳ ಹಾಡನ್ನು ಬೇರೆಯವರಿಂದ ಹಾಡಿಸದೆ ಅವರಿಂದಲೇ ಹಾಡಿಸಿದ್ದು ಮೆಚ್ಚಬೇಕಾದ ನಡೆ. ಆದರೆ ನೆನಪಿನಲ್ಲಿ ಉಳಿದದ್ದು ಹಾಡು. ಹಾಡಿದವರ ಲೋಕ ನೋಡುಗನ ಅರಿವಿಗೆ ಬರಲೇ ಇಲ್ಲ. ರಂಗದ ಮೇಲೆ ಎರಡು ಗಂಟೆ ಪಾತ್ರ ಹೊರಬಲ್ಲವರಿಗೆ ಸಿನಿಮಾ ಗೆಳೆಯ, ಗ್ಯಾಂಗಿನವ, ಕುಣಿಯುವವ ಎಂಬ ಮೂರು ಚೀಟಿ ಹಿಡಿದು ನಿಲ್ಲುತ್ತದೆ. ಪಾಯ್ಟಿಯರ್‌ಗೆ ಸಿಕ್ಕ ‘ತಪ್ಪಿಲ್ಲದ ವೈದ್ಯ’ನ ಪಾತ್ರವೂ ಇಲ್ಲಿ ಯಾರಿಗೂ ಸಿಕ್ಕಿಲ್ಲ, ಅದನ್ನು ಮೀರುವ ಮಾತು ಇನ್ನೂ ದೂರ.

ಕಥೆಗಳಿಗೆ ಬರವಿದೆಯೇ? ಹಳಿಯಾಳದ ಮಣ್ಣಿನಲ್ಲಿ ಕುಸ್ತಿ ಹಿಡಿಯುವ ಸಿದ್ದಿ ಹುಡುಗಿಯರಿದ್ದಾರೆ. ಹಳೆಯ ಸೀರೆಗಳನ್ನು ತುಂಡು ತುಂಡಾಗಿ ಜೋಡಿಸಿ ಕೌದಿ ಹೊಲಿಯುವ ಅಜ್ಜಿಯರಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಕಚೇರಿ ಸುತ್ತುವವರಿದ್ದಾರೆ. ಮಸೀದಿ, ಇಗರ್ಜಿ, ದೇವಸ್ಥಾನಕ್ಕೆ ಹೋಗುವವರೆಲ್ಲ ಸೇರಿ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಹೋರಾಟದ ಇತಿಹಾಸವಿದೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶಾಸನಸಭೆಯಲ್ಲಿ ಒಬ್ಬ ಸಿದ್ದಿ ಎದ್ದು ಮಾತಾಡುವುದನ್ನು ಕಂಡ ನಾಡಿಗೆ, ತೆರೆಯ ಮೇಲೆ ಒಬ್ಬ ಸಿದ್ದಿ ಮೇಷ್ಟ್ರನ್ನೋ ಬಸ್ ಕಂಡಕ್ಟರನ್ನೋ ಕಾಣುವುದು ಅರಗದ ವಿಷಯವೇನಲ್ಲ.

ಪಾಯ್ಟಿಯರ್‌ನ ಬದುಕು ಕಲಿಸುವ ಪಾಠ ಒಂದೇ: ನಟ ಎಷ್ಟೇ ದೊಡ್ಡವನಾದರೂ ಬರೆಯುವ ಕೈ ಬದಲಾಗದೆ ಪಾತ್ರ ಬದಲಾಗದು. ಆದ್ದರಿಂದ ನಿರ್ದೇಶಕರಿಗೆ ನನ್ನ ವಿನಂತಿ ಸಣ್ಣದು. ದಾಂಡೇಲಿಗೆ ಹಾಡಿನ ಶೂಟಿಂಗಿಗೆ ಬರುವ ಮೊದಲು ಚಿತ್ರಕಥೆಯ ಚರ್ಚೆಗೆ ಒಮ್ಮೆ ಬನ್ನಿ; ಸಿದ್ದಿ ಯುವಕ-ಯುವತಿಯರನ್ನು ಬರೆಯುವ ಮೇಜಿನ ಬಳಿ ಕೂರಿಸಿಕೊಳ್ಳಿ, ಅವರ ಮಾತನ್ನು ಅವರ ಧಾಟಿಯಲ್ಲೇ ಬಿಡಿ, ತಪ್ಪು ಮಾಡುವ, ಪ್ರೀತಿಸುವ, ಸಾಲ ತೀರಿಸುವ ಪಾತ್ರ ಕೊಡಿ. ಅಂಥದೊಂದು ಚಿತ್ರ ಬರುವವರೆಗೆ ಕನ್ನಡ ಸಿನಿಮಾ ಸಿದ್ದಿಗಳಿಗೆ ಅವಕಾಶ ಕೊಟ್ಟಿದೆ ಎಂದು ಹೇಳಿಕೊಳ್ಳುವುದು ಬೇಡ.