ಟಿಪ್ಪಣಿಯೂ ಕೊಂಡಿಯೂ

ಬಿಡಿ ಚೀಟಿಗಳಲ್ಲಿ ಟಿಪ್ಪಣಿ ಮಾಡುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಸಾಹಿತ್ಯ ಪರಿಷತ್ತಿನ ನಿಘಂಟು ಅಂಥ ಚೀಟಿಗಳಿಂದಲೇ ಬೆಳೆಯಿತು. 2004ರಲ್ಲಿ ಜೆರೆಮಿ ರಸ್ಟನ್ ಅವರು ಹೊರತಂದ ಟಿಡ್ಲಿವಿಕಿ ಎಂಬ ತಂತ್ರಾಂಶವು ಆ ಚೀಟಿಯನ್ನೇ ಗಣಕಯಂತ್ರಕ್ಕೆ ತಂದಿದೆ: ಪ್ರತಿ ಟಿಪ್ಪಣಿಗೂ ಒಂದು ಶೀರ್ಷಿಕೆ, ಇತರ ಟಿಪ್ಪಣಿಗಳಿಗೆ ಕೊಂಡಿಗಳು, ಎಲ್ಲವೂ ಒಂದೇ ಕಡತದಲ್ಲಿ. ಅಂತರಜಾಲದ ಹಂಗೂ ಇಲ್ಲ. ಕನ್ನಡನಾಡಿನ ಗ್ರಂಥಾಲಯಗಳಿಂದ ದೂರವಾಗಿ ಹೈದರಾಬಾದಿನಲ್ಲಿ ದುಡಿಯುವ ಸಂಶೋಧಕರಿಗೆ ಇದು ಸಣ್ಣ ಅನುಕೂಲವಲ್ಲ.

ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿದ ಸಂಪುಟವು 1958ರಲ್ಲಿ ಪ್ರಕಟವಾಯಿತು. ಅದನ್ನು ಓದುತ್ತ ಹೀಗೆ ಟಿಪ್ಪಣಿ ಮಾಡಿದರೆ ಒಂದೇ ಶಾಸನವು ಊರು, ಅರಸು, ದಾನಿ ಎಂಬ ಮೂರು ದಾರಿಗಳಿಂದಲೂ ಕೈಗೆ ಸಿಗುತ್ತದೆ.

ಆದರೆ ಕೊಂಡಿಯು ಸಂಬಂಧವುಂಟೆಂದು ತೋರಿಸುವುದೇ ಹೊರತು ಅದರ ಸ್ವರೂಪವನ್ನು ಹೇಳುವುದಿಲ್ಲ. ಎರಡು ಶಾಸನಗಳಲ್ಲಿ ಒಂದೇ ಹೆಸರು ಬಂದ ಮಾತ್ರಕ್ಕೆ ಆ ಇಬ್ಬರು ದಾನಿಗಳು ಒಬ್ಬನೇ ಆಗಲಾರರು. ಕೊಂಡಿ ಬಿದ್ದೊಡನೆ ಊಹೆಯು ಸಿದ್ಧಾಂತದ ವೇಷ ತೊಡುತ್ತದೆ. ಆದುದರಿಂದ ಶಾಸನದ ಪಾಠಕ್ಕೂ ಸಂಶೋಧಕನ ಊಹೆಗೂ ಬೇರೆ ಬೇರೆ ಟಿಪ್ಪಣಿಗಳಿರಬೇಕು. ಪ್ರತಿಯೊಂದು ಕೊಂಡಿಯ ಬಳಿ ಅದರ ಕಾರಣವನ್ನು ಒಂದು ವಾಕ್ಯದಲ್ಲಾದರೂ ಬರೆದಿಡಬೇಕು. ಇಲ್ಲವಾದರೆ ಜೀವಮಾನದ ದುಡಿಮೆಯು ಮುಂದಿನವರ ಕೈಗೆ ಬಿಡಿಸಲಾಗದ ಒಗಟಾಗಿ ಸೇರೀತು.